ಆಂಟಿ ತಂದ ಚಾರ್ಜರ್

ಯೋಕೋಹಾಮಾದಲ್ಲಿ ಪಕ್ಕದ ಫ್ಲ್ಯಾಟಿನಲ್ಲಿದ್ದ ಮೈಸೂರಿನ ಆಂಟಿಗೆ ನನ್ನ ವೇಪ್, ಅಂದರೆ ಬ್ಯಾಟರಿ ಸಿಗರೇಟು, ಕಂಡರೆ ಆಗುತ್ತಿರಲಿಲ್ಲ. ಆದರೂ ಬಂದಾಗಲೆಲ್ಲ ಅದರ ಚಾರ್ಜರನ್ನು ಮಗುವಿನ ಜ್ವರ ನೋಡುವಂತೆ ಮುಟ್ಟುತ್ತಿದ್ದರು. "ಬಿಸಿ ಇದೆ ಕಣಪ್ಪ" ಎನ್ನುವುದು ಅವರ ಪಲ್ಲವಿ. ನಾನು ಫೋನಿನ ಫಾಸ್ಟ್ ಚಾರ್ಜರನ್ನೇ ವೇಪಿಗೂ ಸಿಕ್ಕಿಸುತ್ತಿದ್ದೆ; ಬ್ಯಾಟರಿ ಕಾದು ಸಿಡಿದೀತೆಂದು ಅವರಿಗೆ ಭಯ.

ಒಂದು ಸಂಜೆ ಭೂಮಿ ನಡುಗಿತು. ಎಲ್ಲರೂ ಕೆಳಗೋಡಿದೆವು. ಸೆಂಡಾಯ್‌ನಲ್ಲಿದ್ದಾಗ 2011ರ ದೊಡ್ಡ ಭೂಕಂಪ ಕಂಡಿದ್ದ ಆಂಟಿ ಮಾತ್ರ ಗ್ಯಾಸು, ಕರೆಂಟು ಆರಿಸಿ, ಕೊನೆಯಲ್ಲಿ ಬಂದರು. ಬಂದವರೇ, "ಚಾರ್ಜರ್ ತೆಗೆದ್ಯಾ?" ಎಂದರು. ಅದಿನ್ನೂ ಪ್ಲಗ್ಗಿನಲ್ಲೇ ಇತ್ತು.

ಮರುದಿನ ಅಂಗಡಿ ಅಂಗಡಿ ಸುತ್ತಿ, ನನ್ನ ವೇಪ್ ಕಂಪನಿಯದೇ ಚಾರ್ಜರ್ ತಂದುಕೊಟ್ಟರು.

"ಸೇದೋದು ಬಿಡು ಅಂತೀರೇನೋ ಅಂದ್ಕೊಂಡಿದ್ದೆ."

"ಬಿಡ್ತೀಯ, ಗೊತ್ತು. ಅಲ್ಲೀವರೆಗೂ ನೀನು ಇರ್ಬೇಕಲ್ಲಪ್ಪ?"