ಓ ಎಂದ ಮೊಗ್ಗು

ಕೋಲಾರದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಗೌನಿಪಲ್ಲಿಯ ಮೇಡಂ, ಬೋರ್ಡಿನ ಮೇಲೆ ಭ್ರೂಣದ ಚಿತ್ರ ಬರೆದು, ಕಿವಿಗೆ ಅಂಗೈ ಹಿಡಿದು ಅದರತ್ತ ಬಾಗುತ್ತಿದ್ದರು. "ಏಮ್ಮಾ, ಯಾರು ಕೂಗಿದ್ರು, ಯಾರು ಓ ಅಂದ್ರು?"

ಮೂತ್ರಪಿಂಡ ಹುಟ್ಟುವುದೇ ಹಾಗಂತೆ. ಕೋಶಗಳ ಗುಂಪೊಂದು ರಾಸಾಯನಿಕದ ದನಿಯಲ್ಲಿ ಕೂಗುತ್ತದೆ. ಪಕ್ಕದ ನಾಳದಿಂದ ಮೊಗ್ಗೊಂದು ಓ ಎಂದು ಹೊರಟು ಬಂದು, ಮಾವಿನ ಹೂಗೊಂಚಲಿನಂತೆ ಕವಲೊಡೆಯುತ್ತದೆ. ಆಮೇಲೆ ಆ ಮೊಗ್ಗು ಕೂಗುತ್ತದೆ. ಕೋಶಗಳು ಓಗೊಟ್ಟು ಸೋಸುವ ನಳಿಕೆಗಳಾಗುತ್ತವೆ. "ಜೀನ್ ಇದ್ರೇನೇ ಆ ದನಿ ಬರೋದು ಕಣ್ರೇ" ಎನ್ನುವಾಗ ಅವರ ಕಣ್ಣು ಅರೆ ಮುಚ್ಚಿರುತ್ತಿತ್ತು.

ವರ್ಷಗಳ ಮೇಲೆ, ಬಸುರಿಯಾಗಿದ್ದ ನಾನು ಸ್ಕ್ಯಾನ್ ಮಾಡಿಸಿಕೊಂಡು ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮಗುವಿಗೆ ಒಂದೇ ಮೂತ್ರಪಿಂಡ ಎಂದಿದ್ದರು. ಹೊಟ್ಟೆಯ ಮೇಲೆ ಕೈಯಿಡಲೂ ಭಯ. ಮೇಡಂ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತರು. ಎಲ್ಲ ಹೇಳಿದೆ.

"ಒಂದ್ ಕಡೆ ಯಾರೂ ಓ ಅನ್ಲಿಲ್ಲ. ಇನ್ನೊಂದ್ ಕಡೆ ಕೇಳಿಸ್ಕೊಂಡಿದೆ ಬಿಡು, ಅದೇ ದೊಡ್ಡದಾಗಿ ಎರಡರ ಕೆಲ್ಸಾನೂ ಮಾಡುತ್ತೆ" ಎಂದು, ಕಿವಿಗೆ ಅಂಗೈ ಹಿಡಿದು ನನ್ನ ಹೊಟ್ಟೆಯತ್ತ ಬಾಗಿದರು. ಮುಳಬಾಗ್ಲು, ಮುಳಬಾಗ್ಲು ಎಂಬ ಕಂಡಕ್ಟರನ ದನಿ ಎಲ್ಲೋ ದೂರವಾಯಿತು. ಒಳಗೆ ಮಗು ಮೆಲ್ಲನೆ ಒದೆಯಿತು.

"ಕೂಗ್ತಾ ಇದೆ" ಎಂದರು ಮೇಡಂ.

ನಾನು ಹೊಟ್ಟೆಯ ಮೇಲೆ ಕೈಯಿಟ್ಟು "ಓ" ಎಂದೆ.