ಕಲ್ಲಿನ ಬಣ್ಣದ ಸ್ಪ್ರಿಂಗು

೧೯೭೫ರಲ್ಲಿ ಶಹಾಬಾದದ ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ ಇತ್ತು. ನಮ್ಮೂರಲ್ಲಿ ನೆಲಕ್ಕೂ ಕಲ್ಲು, ಚಾವಣಿಗೂ ಕಲ್ಲು. ನನ್ನ ಮೇಜೂ ಬೂದುಬಣ್ಣದ ಶಹಾಬಾದ ಚಪ್ಪಡಿಯೇ. ಕೆಲಸಕ್ಕೆ ಕೂರುವ ಮುಂಚೆ ಅದರ ಮೇಲೆ ಬಿಳಿ ಬಟ್ಟೆ ಹಾಸಬೇಕೆಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರು. ಹನ್ನೊಂದು ವರ್ಷದ ಅನುಭವ ತಲೆಗೇರಿ ನಾನು ಅದನ್ನು ಬಿಟ್ಟಿದ್ದೆ.

ದೇಶಪಾಂಡೆ ಸಾಹೇಬರು ಊರಾಚೆಯ ಒಂದು ಕಲ್ಲುಗಣಿಯ ಇಂಜಿನಿಯರು. ಅವರಿಗೆ ಒಂದೇ ಹುಚ್ಚು: ಸ್ವಿಸ್ ಕಂಪನಿಯೊಂದು ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರಿಗಾಗಿ ಮಾಡಿದ ದುಬಾರಿ ಉಕ್ಕಿನ ಗಡಿಯಾರಗಳು. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದ ಮೇಲೆ ಹುಚ್ಚು ಇನ್ನೂ ಹೆಚ್ಚಿತು. ಬೊಂಬಾಯಿಯಲ್ಲಿ ಹಡಗಿನವರ ಕೈಯಿಂದ ಒಂದೊಂದಾಗಿ ಐದು ಕೂಡಿಸಿದ್ದರು. ಪೆಟ್ಟಿಗೆಯಲ್ಲಿಡದೆ ಗಣಿಯ ಧೂಳಿನಲ್ಲೂ ದಿನಕ್ಕೊಂದು ಕಟ್ಟುತ್ತಿದ್ದರು.

"ಸಾಹೇಬ್ರ, ಇದನ್ನ ಕಟ್ಕೊಂಡು ಕಾಗಿಣಾ ಹೊಳ್ಯಾಗ ಮುಳುಗ್ತೀರೇನ್ರಿ?" ಎಂದು ಕಾಡಿಸಿದ್ದೆ.

"ಮುಳುಗ್ಲಿಕ್ಕಲ್ಲ ಶರಣಪ್ಪ, ಮದ್ದಿನ ಹೊತ್ತು ಎಣಿಸ್ಲಿಕ್ಕ."

ಡಯಲಿನ ಸುತ್ತ ತಿರುಗುವ ಉಂಗುರಕ್ಕೆ ಬೆಜೆಲ್ ಎನ್ನುತ್ತಾರೆ. ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟರೆ ಎಷ್ಟು ನಿಮಿಷ ಕಳೆಯಿತೆಂದು ನೇರವಾಗಿ ಓದಬಹುದು. ಗಣಿಯಲ್ಲಿ ಬಂಡೆ ಸಿಡಿಸಲು ಬತ್ತಿ ಹಚ್ಚಿದ ಮದ್ದು ಸಿಡಿಯದೆ ಉಳಿದರೆ ಅರ್ಧ ಗಂಟೆ ಯಾರೂ ಹತ್ತಿರ ಹೋಗಬಾರದು. ಆ ಅರ್ಧ ಗಂಟೆಯನ್ನು ಸಾಹೇಬರು ಬೆಜೆಲ್ ನೋಡಿಯೇ ಅಳೆಯುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ, ಧೂಳು ಸೇರಿ ಬಿಗಿಯಾದ ಬೆಜೆಲ್ಲನ್ನು ಬಿಚ್ಚಿ ತೊಳೆದು ಕೊಟ್ಟೆ. ಕಟ್ಟಿಕೊಂಡು ಹೋದರು. ಹನ್ನೊಂದಕ್ಕೆ ಮೇಜು ಒರೆಸುವಾಗ ಬೆರಳಿಗೆ ಏನೋ ಚುಚ್ಚಿತು. ಬೆಜೆಲ್ ಜಾರದಂತೆ ಹಿಡಿಯುವ ತಂತಿ ಸ್ಪ್ರಿಂಗು! ಕಲ್ಲಿನ ಬಣ್ಣದಲ್ಲೇ ಬೆರೆತು ಕಣ್ಣಿಗೆ ಬಿದ್ದಿರಲಿಲ್ಲ. ಈಗ ಅಂಗಿಯ ತೋಳು ತಾಗಿದರೂ ಬೆಜೆಲ್ ತಿರುಗುತ್ತದೆ, ನಿಮಿಷದ ಲೆಕ್ಕ ತಪ್ಪುತ್ತದೆ. ಅವತ್ತು ಹನ್ನೆರಡಕ್ಕೆ ಮದ್ದು ಹಾರಿಸುವುದಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ಸೈಕಲ್ ಹತ್ತಿದೆ. ನಾಲ್ಕು ಮೈಲಿ ಕಲ್ಲುದಾರಿ. ಗಣಿಯ ಕೆಂಪು ನಿಶಾನೆ ಕಾಣುವಾಗ ಸೈರನ್ ಕೂಗಿತು. ಕಾವಲಿನ ಮಲ್ಲಪ್ಪ ಅಡ್ಡ ನಿಂತ. ಸ್ಪ್ರಿಂಗು ಬಿಟ್ಟುಹೋದದ್ದನ್ನು ಹೇಳಿದೆ.

"ಸಾಹೇಬ್ರ ಗಡಿಯಾರ ತಪ್ತದೇನ್ರಿ? ಸ್ವಿಸ್ ಅದ ಅದು!" ಎಂದು ನಕ್ಕ.

ಹನ್ನೆರಡೂ ಐದಕ್ಕೆ ಸಿಡಿತ ಶುರುವಾಯಿತು. ಮಲ್ಲಪ್ಪ ಬೆರಳು ಮಡಚುತ್ತ ಎಣಿಸಿದ. ಅವನ ನಗು ನಿಂತಿತು.

"ಐದs ಆದ್ವು. ಆರು ಆಗ್ಬೇಕಿತ್ತು."

ಒಂದು ಉಳಿದಿದೆ. ನಾನು ನನ್ನ ಗಡಿಯಾರವನ್ನೇ ನೋಡುತ್ತ ನಿಂತೆ. ಮಲ್ಲಪ್ಪನೂ ಬಗ್ಗಿ ನೋಡುತ್ತಿದ್ದ. ಹನ್ನೆರಡೂ ಇಪ್ಪತ್ತೆರಡು, ಹದಿನೇಳೇ ನಿಮಿಷ ಕಳೆದಿತ್ತು. ಆಗ ಸಿಡಿತದ ಹೊತ್ತಿಗೆ ಮರೆಯಾಗುವ ದೂರದ ಆಸರೆಯಿಂದ ಸಾಹೇಬರು ಇಬ್ಬರು ಆಳುಗಳೊಂದಿಗೆ ಹೊರಬಂದು ಮದ್ದಿನ ಕುಳಿಯತ್ತ ನಡೆದರು. ಕೂಗಿದೆ, ಕೇಳಿಸಲಿಲ್ಲ. ಮಲ್ಲಪ್ಪನ ಕೊರಳಿನ ಸೀಟಿ ಕಸಿದು ಉಸಿರಿರುವಷ್ಟೂ ಊದಿದೆ. ಅವನು ನಿಶಾನೆ ಬೀಸುತ್ತ "ನಿಂದರ್ರಿ, ಹಿಂದಕ್ಕ ಹೋಗ್ರಿ!" ಎಂದು ಅರಚಿದ. ಸಾಹೇಬರು ನಿಂತರು, ಮಣಿಕಟ್ಟು ನೋಡಿಕೊಂಡರು, ಆಳುಗಳನ್ನು ಎಳೆದುಕೊಂಡು ಹಿಂದಕ್ಕೋಡಿದರು. ಅವರು ಆಸರೆಯೊಳಗೆ ಸೇರುವಷ್ಟರಲ್ಲಿ ಆರನೆಯದು ಸಿಡಿಯಿತು.

ಮೈತುಂಬ ಧೂಳಾಗಿ ಬಂದ ಸಾಹೇಬರಿಗೆ ಸ್ಪ್ರಿಂಗು ಕೊಟ್ಟೆ. ಅದನ್ನು ತಿರುಗಿಸಿ ನೋಡಿ, ಗಡಿಯಾರ ಬಿಚ್ಚಿ ನನ್ನ ಅಂಗೈಗಿಟ್ಟರು.

"ಇವತ್ತs ಕೂಡಿಸಿಕೊಡು. ಇದು ಯಾವಾಗ ಸಿಕ್ತು?"

"ಸಿಕ್ಕ ಕೂಡ್ಲೆ ಓಡಿ ಬಂದೀನ್ರಿ" ಎಂದೆ. ಅವರು ನನ್ನ ಹೆಗಲು ತಟ್ಟಿದರು.

ಅಂದಿನಿಂದ ಬಿಳಿ ಬಟ್ಟೆ ಹಾಸದೆ ಸ್ಕ್ರೂ ಡ್ರೈವರ್ ಮುಟ್ಟಿಲ್ಲ. ಕಲಿಯಲು ಬಂದವರಿಗೆಲ್ಲ ಈ ಕಥೆ ಹೇಳಿ ಅದನ್ನೇ ಪಾಠ ಮಾಡಿದ್ದೇನೆ. ಆದರೆ ನನಗೆ ಸಿಕ್ಕ ಪಾಠ ಬೇರೆ. ಸ್ಪ್ರಿಂಗು ಸಿಕ್ಕಿದ್ದು ಹನ್ನೊಂದಕ್ಕೆ, ನಾನು ಹೊರಟದ್ದು ಹನ್ನೊಂದೂ ಇಪ್ಪತ್ತಕ್ಕೆ. ನಡುವಿನ ಇಪ್ಪತ್ತು ನಿಮಿಷ, ಸಂಜೆ ಸಾಹೇಬರಿಗೆ ತಿಳಿಯದಂತೆ ಅದನ್ನು ಕೂಡಿಸಿಬಿಟ್ಟರೆ ನನ್ನ ಹೆಸರು ಉಳಿಯುತ್ತದಲ್ಲ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಕೂಡಲೇ ಎದ್ದಿದ್ದರೆ ಬತ್ತಿ ಹಚ್ಚುವ ಮೊದಲೇ ಸಾಹೇಬರ ಮುಂದೆ ನಿಂತಿರುತ್ತಿದ್ದೆ. ಇದನ್ನು ಅವರು ಇರುವಷ್ಟು ದಿನ ಅವರಿಗೆ ಹೇಳಲಾಗಲಿಲ್ಲ.