ಕೈಗೆ ಕೇಳದ ಮಾತು

ಕಳೆದ ವರ್ಷದ ಆಯುಧ ಪೂಜೆ ಮುಗಿದು ಎರಡು ದಿನ ಆಗಿತ್ತು. ಕಡಬದ ಹತ್ತಿರ ರಸ್ತೆ ಬದಿಯಲ್ಲಿ ನಮ್ಮದೊಂದು ಲೇತ್ ವರ್ಕ್‌ಶಾಪ್ ಇದೆ. ಗಂಡ ಶುರು ಮಾಡಿದ್ದು, ಈಗ ಮಗ ದಯಾನಂದ ನೋಡಿಕೊಳ್ಳುತ್ತಾನೆ.

ಮದುವೆಯಾಗಿ ಬಂದ ಮೇಲೆ ನಾನು ಒಲೆಯ ಮುಂದೆ ನಿಂತಷ್ಟೇ ಹೊತ್ತು ಲೇತಿನ ಬದಿಯಲ್ಲೂ ನಿಂತಿದ್ದೇನೆ. ಹಳೆಯ ಮೆಷಿನಿಗೆ ನೀರಿನ ಪಂಪ್ ಇರಲಿಲ್ಲ. ಕಬ್ಬಿಣ ಕೊರೆಯುವ ಟೂಲ್ ಬಿಸಿಯಾಗಿ ಹದ ಹೋಗಬಾರದೆಂದು, ಎಣ್ಣೆ ಬೆರೆಸಿದ ಬಿಳಿ ನೀರನ್ನು ಗಿಂಡಿಯ ಮೂತಿಯಿಂದ ಸಣ್ಣಗೆ ಬಿಡುವುದು ನನ್ನ ಕೆಲಸ. ಗಂಡ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೊರೆದಂತೆ ಉದುರುವ ಕಬ್ಬಿಣದ ಸಿಪ್ಪೆಯ ಬಣ್ಣ ನೋಡಿಯೇ ಕೈ ಹೋಗುತ್ತಿತ್ತು.

ಮೊಮ್ಮಗಳು ಶ್ರಾವ್ಯ ಐಟಿಐ ಮುಗಿಸಿ ಬಂದು, ತಾನೂ ಲೇತ್ ಹಿಡಿಯುತ್ತೇನೆಂದಳು. ಅವಳ ಅಪ್ಪನಿಗೆ ಮನಸ್ಸಿರಲಿಲ್ಲ. ಆ ದಿನ ಜಲ್ಲಿ ಕ್ರಷರಿನವರೊಬ್ಬರು ಹಾರ್ಡನಿಂಗ್ ಮಾಡಿ ಗಟ್ಟಿಯಾಗಿಸಿದ ಶಾಫ್ಟನ್ನು ಸ್ವಲ್ಪ ಕೊರೆದು ಸಣ್ಣ ಮಾಡಿಸಲು ತಂದರು. ಟೂಲಿನ ತುದಿಗೆ ನಾವು ದಿನಾ ಕಟ್ಟುವ ಚಿನ್ನದ ಬಣ್ಣದ ಲೇಪದ ಟಿಪ್ಪು ಅದರ ಮೇಲೆ ಬಾಳುವುದಿಲ್ಲ. "ಮಂಗಳೂರಿಗೆ ಕೊಂಡುಹೋಗಿ" ಎಂದು ದಯಾನಂದ ಹೇಳುವಾಗ ಇವಳು ನಡುವೆ ಬಾಯಿ ಹಾಕಿದಳು.

"ಅಪ್ಪ, ನಾನು ಮಾಡ್ತೇನೆ. ಅದಕ್ಕೆ ಬೇರೆ ಟಿಪ್ ಉಂಟು, ಎರಡು ತರಿಸಿಟ್ಟಿದ್ದೇನೆ."

"ಮಾಡು. ಹಾಳಾದ್ರೆ ಮತ್ತೆ ಲೇತ್ ಮುಟ್ಲಿಕ್ಕಿಲ್ಲ. ಬಿಲ್ ಬರ್ಕೊಂಡು ಕೂತ್ಕೊ."

ಅವಳು ಟಿಪ್ಪನ್ನು ನನ್ನ ಅಂಗೈಗೆ ಹಾಕಿದಳು. ಕಪ್ಪು, ಚೌಕ, ಹೆಬ್ಬೆರಳಿನ ಉಗುರಿನಷ್ಟು.

"ಎಂತದಿದು, ಸ್ಲೇಟಿನ ಚೂರಾ?"

"ಸೆರಾಮಿಕ್ ಅಜ್ಜಿ. ನಮ್ಮ ಉಪ್ಪಿನಕಾಯಿ ಭರಣಿಯ ಜಾತಿ, ಅದಕ್ಕಿಂತ ತುಂಬಾ ಗಟ್ಟಿ."

"ಭರಣಿ ಒಡೆದು ಕಬ್ಬಿಣ ಕೊಯ್ಯುದಾ? ನಿನ್ನ ಅಜ್ಜ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು."

"ನಗು ಬೇಕಾದ್ರೆ. ನೀರು ಮಾತ್ರ ಹಾಕ್ಬೇಡ. ಎಷ್ಟು ಬಿಸಿ ಆದ್ರೂ ತಡೀತದೆ. ಬಿಸಿ ಇರುವಾಗ ತಣ್ಣೀರು ಬಿದ್ರೆ ಒಡೀತದೆ."

ನನ್ನ ಕಿವಿಗೆ ಕೇಳಿತ್ತು. ಕೈಗೆ ಕೇಳಿರಲಿಲ್ಲ.

ಮೆಷಿನ್ ತಿರುಗಿತು. ಟೂಲ್ ತನ್ನಷ್ಟಕ್ಕೆ ಮುಂದೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಕ್ರಷರಿನವರು ಏನೋ ಕೇಳಿದರು, ಶ್ರಾವ್ಯ ಅತ್ತ ಮುಖ ತಿರುಗಿಸಿದಳು. ಸಿಪ್ಪೆ ಕೆಂಡದ ಹಾಗೆ ಕೆಂಪಾಗಿ ಸುರಿಯುತ್ತಿತ್ತು. ನಾನು ಯೋಚಿಸಲಿಲ್ಲ. ಬದಿಯಲ್ಲೇ ಇದ್ದ ಗಿಂಡಿ ಎತ್ತಿ ನೀರು ಬಿಟ್ಟೆ.

'ಚಟ್' ಎಂದಿತು. ಒಂದು ಚೂರು ನನ್ನ ಕನ್ನಡಕಕ್ಕೆ ಬಡಿದು ಬಿತ್ತು. ಕನ್ನಡಕ ಇರದಿದ್ದರೆ ಕಣ್ಣು ಹೋಗುತ್ತಿತ್ತು.

ಶ್ರಾವ್ಯ ಮೆಷಿನ್ ನಿಲ್ಲಿಸಿ, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದಳು. ಆಮೇಲೆ ಗಿಂಡಿಯನ್ನು ನನ್ನ ಕೈಯಿಂದ ತೆಗೆದು ಬೆಂಚಿನ ಅಡಿಗೆ ತಳ್ಳಿದಳು. ಅಷ್ಟರಲ್ಲಿ ದಯಾನಂದ ಓಡಿ ಬಂದ.

"ಹೇಳಿದ್ದೆ ಅಲ್ವಾ ನಾನು? ಒಡೆದು ಹಾಕಿದಿಯಾ?"

"ಹೌದಪ್ಪ" ಎಂದಳು.

ಯಾರ ಮುಖಕ್ಕಾದರೂ ಹೊಡೆದ ಹಾಗೆ ಮಾತಾಡುವವಳು ನಾನು. ಆಗ ಬಾಯಿ ಕಟ್ಟಿದ ಹಾಗೆ ನಿಂತೆ. ಸ್ವಲ್ಪ ಹೊತ್ತೇ ಇರಬಹುದು. ಆದರೂ ನಿಂತೆ. ಅದು ಸುಳ್ಳಲ್ಲ.

"ನೀರು ಹಾಕಿದ್ದು ನಾನು" ಎಂದು ಕಡೆಗೆ ಹೇಳಿದೆ.

ಮಗ ನಂಬಲಿಲ್ಲ. "ಮೊಮ್ಮಗಳನ್ನು ಉಳಿಸ್ಲಿಕ್ಕೆ ಹೇಳ್ಬೇಡಮ್ಮ. ಇಷ್ಟು ವರ್ಷ ನೀರು ಹಾಕಿದ ಕೈ, ನಿನ್ನದು ತಪ್ಪುದಾ?"

ನನ್ನ ಕೈಯ ಒಳ್ಳೆಯ ಹೆಸರೇ ಆ ಹುಡುಗಿಗೆ ಮುಳುವಾಗಿತ್ತು. ನನಗೆ ಸಿಟ್ಟು ಬಂತು. "ಇನ್ನೊಂದು ಟಿಪ್ ಉಂಟಲ್ಲ, ಹಾಕ್ಲಿ. ನೀನು ಇಲ್ಲೇ ನಿಂತು ನೋಡು. ಒಡೆದ್ರೆ ಅವಳು ಬಿಲ್ ಬರೀಲಿ. ಒಡೆಯದಿದ್ರೆ ನೀನು ಬರಿ."

"ಎಂತ ಮಾರಾಯ್ರೆ, ನನ್ನ ಶಾಫ್ಟಲ್ಲಿ ನಿಮ್ಮ ಪರೀಕ್ಷೆಯಾ?" ಎಂದರು ಕ್ರಷರಿನವರು. ಶಾಫ್ಟಿಗೆ ಗೀರು ಬಿದ್ದಿತ್ತು. ಇನ್ನೂ ತೆಗೆಯಬೇಕಾದ ದಪ್ಪ ಉಳಿದಿದ್ದರಿಂದ ಬಚಾವಾಯಿತು.

ಮತ್ತೆ ಮೆಷಿನ್ ತಿರುಗಿತು. ನಾನು ದೂರ ನಿಂತು, ಒಂದು ಕೈಯಿಂದ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡೆ. ಸಿಪ್ಪೆ ಕೆಂಪಾಯಿತು, ಇನ್ನೂ ಕೆಂಪಾಯಿತು. ಸುಡುವುದನ್ನು ನೋಡಿಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು.

ಟಿಪ್ಪು ಒಡೆಯಲಿಲ್ಲ. ಮುಖ ಕಾಣುವ ಹಾಗೆ ಶಾಫ್ಟ್ ಹೊಳೆಯಿತು. ತಣಿದ ಮೇಲೆ ದಯಾನಂದ ಮೂರು ಕಡೆ ಅಳತೆ ಹಿಡಿದು ನೋಡಿದ, ಉಗುರಿನಿಂದ ಕೆರೆದೂ ನೋಡಿದ. ಶಾಭಾಷ್ ಎನ್ನಲಿಲ್ಲ. ಮೇಜಿನ ಹತ್ತಿರ ಹೋಗಿ ಬಿಲ್ ಪುಸ್ತಕ ತೆರೆದು, "ಯಾರ ಹೆಸರಿಗೆ ಬರೀಬೇಕು ಮಾರಾಯ್ರೆ?" ಎಂದು ಕೇಳಿದ.

ನಾನು ಮೊದಲು ಹಾಕುತ್ತಿದ್ದ ನೀರು ತಪ್ಪಾಗಿರಲಿಲ್ಲ. ಆ ಟೂಲಿಗೆ ಅದು ಬೇಕಿತ್ತು. ಇದಕ್ಕೆ ಬೇಡ. ಇಷ್ಟು ತಿಳಿಯಲು ಒಂದು ಕಣ್ಣು ಕೊಡಬೇಕಾಗುತ್ತಿತ್ತು.

ಈಗಲೂ ನಾನು ವರ್ಕ್‌ಶಾಪಿಗೆ ಹೋಗಿ ಕೂರುತ್ತೇನೆ. ಶ್ರಾವ್ಯ ಆ ಕಪ್ಪು ಟಿಪ್ಪು ಕಟ್ಟಿದ ದಿನ, ಸ್ವಿಚ್ ಒತ್ತುವ ಮೊದಲು ಒಮ್ಮೆ ಹಿಂದೆ ತಿರುಗುತ್ತಾಳೆ. ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ನಾನು ಎರಡೂ ಕೈ ಎತ್ತಿ ತೋರಿಸುತ್ತೇನೆ.